ಉಪ್ಪು ಹಾಕಿ ಬಿಡು

"ಗುರುಗಳೇ, ಒಳ್ಳೆಯ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ಅದು ಯಾಕೆ ಅಂಟುವುದಿಲ್ಲ?" ಎಂದು ಶಿಷ್ಯ ಕೇಳಿದ.

"ಯಾರಿಗೆ ಅಂಟಿಸಲು ಹೋದೆ?" ಎಂದರು ಗುರುಗಳು.

"ನಮ್ಮಣ್ಣನಿಗೆ. ಅವನು ಬಡಗಿ. ಮೂರು ದಿನದ ಹಿಂದೆ ಉಳಿ ಬಾಚಿಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಇಲ್ಲಿಗೆ ಬಂದ. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದ. ಅವನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನಾನು ಬುದ್ಧಿ ಹೇಳಲು ಶುರು ಮಾಡಿದ್ದೆ. ಸಂಸಾರದ ಧರ್ಮ ಹೇಳಿದೆ. ತಾಳ್ಮೆಯ ಹಿರಿಮೆ ಹೇಳಿದೆ. ನಿಮ್ಮಿಂದ ಕಲಿತದ್ದನ್ನೆಲ್ಲ ಹೇಳಿದೆ. ನೀವು ಇನ್ನೂ ಕಲಿಸದೆ ಇರುವುದನ್ನೂ ಊಹಿಸಿಕೊಂಡು ಹೇಳಿದೆ. ಎಲ್ಲದಕ್ಕೂ ಹೂಂ ಎಂದ. ಈಗ ನೋಡಿದರೆ ನಾಳೆ ಬೆಳಿಗ್ಗೆ ಹೊರಡುತ್ತಾನಂತೆ. ಮನೆಗಲ್ಲ. ಎಲ್ಲಿಗೆ ಎಂದರೆ ಹೇಳುವುದಿಲ್ಲ. ಅಲ್ಲಿ ಅತ್ತಿಗೆಯೂ ಇಬ್ಬರು ಮಕ್ಕಳೂ ದಾರಿ ನೋಡುತ್ತಿದ್ದಾರೆ. ಇನ್ನು ಉಳಿದಿರುವುದು ಈ ಒಂದು ಸಂಜೆ. ನಾನು ಹೇಳಿದ್ದಕ್ಕಿಂತ ದೊಡ್ಡ ಮಾತು ನಿಮ್ಮಲ್ಲಿದ್ದರೆ ಕೊಡಿ."

ಗುರುಗಳು ನಕ್ಕರು. "ದೊಡ್ಡ ಮಾತಿಗೆ ನನ್ನಲ್ಲಿ ಬರವೇ? ನನ್ನ ಮಾತುಗಳನ್ನು ಒಂದರ ಮೇಲೊಂದು ಇಟ್ಟರೆ ಮೇಲಿನದ್ದನ್ನು ಇಳಿಸಲು ಏಣಿ ಬೇಕು. ಸದ್ಯಕ್ಕೆ ಏಣಿಯಿಲ್ಲ. ಅದಕ್ಕೆ ಕೆಳಗಿರುವ ಒಂದು ಕತೆ ಹೇಳುತ್ತೇನೆ. ಇದರಲ್ಲಿ ಸುಳ್ಳಿಲ್ಲ. ಸತ್ಯ ಗಿಡ್ಡವಾಗಿದ್ದ ಕಡೆ ಸ್ವಲ್ಪ ಎಳೆದು ಉದ್ದ ಮಾಡಿದ್ದೇನೆ, ಅಷ್ಟೆ."

ಹೀಗೆಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಹೆಂಡತಿ ಬಜ್ಜಿ ಕರಿಯುವುದರಲ್ಲಿ ಗಟ್ಟಿಗಿತ್ತಿ. ಆಕೆ ಕರಿದ ಬಜ್ಜಿಯನ್ನು ಇಲ್ಲಿ ಕಚ್ಚಿದರೆ, ಆಚೆ ಊರಿನವರು ಯಾರೋ ಸೌದೆ ಮುರಿಯುತ್ತಿದ್ದಾರೆ ಎನ್ನುತ್ತಿದ್ದರು. ಹಲ್ಲಿಲ್ಲದ ಮುದುಕರು ಬರೀ ಸದ್ದು ಕೇಳಲು ಬಂದು ಕೂರುತ್ತಿದ್ದರು. ನಾನೇ ಒಮ್ಮೆ ಒಂದು ತಿಂದಿದ್ದೇನೆ. ಆ ಸದ್ದು ಇನ್ನೂ ನನ್ನ ಎಡಗಿವಿಯಲ್ಲಿದೆ. ಅದಕ್ಕೇ ನೀನು ಆ ಕಡೆಯಿಂದ ಕರೆದರೆ ನನಗೆ ಕೇಳಿಸುವುದಿಲ್ಲ.

ಒಂದು ವರ್ಷ ಸಂತೆಗೆ ಒಬ್ಬ ವರ್ತಕ ಹೊಸ ಬೀಜ ತಂದ. ಕಾಯಿ ನೋಡಲು ಸೌತೆಯ ಹಾಗೆ, ಒಳಗೆ ಸೋರೆಯ ಹಾಗೆ, ಹೆಸರು ಜುಕಿನಿ ಎಂದ. ರೈತ ಬೀಜ ಕೊಂಡ. ಮನೆ ಮುಟ್ಟುವಷ್ಟರಲ್ಲಿ ಹೆಸರು ದಾರಿಯಲ್ಲಿ ಸವೆದು ಜಿಪುಣಿ ಎಂದಾಗಿತ್ತು. ಊರೆಲ್ಲ ಅದನ್ನು ಜಿಪುಣಿಕಾಯಿ ಎಂದೇ ಕರೆಯಿತು.

ಹೆಸರು ಜಿಪುಣಿ, ಗುಣ ಮಾತ್ರ ಧಾರಾಳಿ. ಬೆಳಿಗ್ಗೆ ಬೆರಳಿನಷ್ಟಿದ್ದ ಕಾಯಿ ಮಧ್ಯಾಹ್ನಕ್ಕೆ ತೋಳಿನಷ್ಟಾಗುತ್ತಿತ್ತು. ರೈತ ಗಿಡಕ್ಕೆ ಬೆನ್ನು ಮಾಡಿ ಊಟಕ್ಕೆ ಕೂತರೆ, ಕೈ ತೊಳೆಯಲು ಏಳುವಾಗ ಕಾಯಿ ಹಿತ್ತಲ ಬಾಗಿಲಿಗೆ ಬಂದಿರುತ್ತಿತ್ತು. ಹುಳಿ ಮಾಡಿದರೆ ಕಾಯಿ ಹುಳಿಯಲ್ಲಿ ಕರಗಿ ಕಾಣೆಯಾಯಿತು. ಪಲ್ಯ ಮಾಡಿದರೆ ಪಲ್ಯವೇ ಹುಳಿಯಾಯಿತು. ಮೈಯೆಲ್ಲ ನೀರು. ನೆರೆಯವರಿಗೆ ಹಂಚಿದರು. ನೆರೆಯವರು ನೆಂಟರಿಗೆ ಹಂಚಿದರು. ನೆಂಟರು ಬರುವುದನ್ನು ನಿಲ್ಲಿಸಿದರು. ಊರ ಹಸುಗಳು ಮೊದಲ ದಿನ ತಿಂದವು, ಎರಡನೆಯ ದಿನ ಮೂಸಿದವು, ಮೂರನೆಯ ದಿನ ದಾರಿ ಬದಲಿಸಿದವು.

ಒಂದು ದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ ಹೇಳಿದಳು: "ಕಿತ್ತು ಎಸೆದುಬಿಡಿ ಅಕ್ಕ. ನಿಮ್ಮ ಕೈಗೂ ಬಗ್ಗದ ಕಾಯಿ ಅದು."

ಕಾಯಿಯನ್ನು ಬೈದಿದ್ದರೆ ರೈತನ ಹೆಂಡತಿ ಸುಮ್ಮನಿರುತ್ತಿದ್ದಳು. ಕೈಯ ಮಾತು ಬಂತಲ್ಲ, ಕೊಡವನ್ನು ಕೆಳಗಿಟ್ಟಳು.

"ನನ್ನ ಕೈಗೆ ಬಗ್ಗದ್ದು ಯಾವುದಿದೆಯಮ್ಮ? ಬರುವ ಸೋಮವಾರ ಸಂಜೆ ಎಲ್ಲರೂ ನಮ್ಮ ಅಂಗಳಕ್ಕೆ ಬನ್ನಿ. ಈ ಕಾಯಿಯನ್ನೇ ಗರಿಗರಿಯಾಗಿ ಕರಿದು ಕೊಡುತ್ತೇನೆ. ಒಂದು ಹೋಳು ಮೆತ್ತಗಿದ್ದರೂ ನನ್ನ ಬಾಣಲೆ ನಿನ್ನದು. ಆಮೇಲೆ ನಾನು ಈ ಜನ್ಮದಲ್ಲಿ ಎಣ್ಣೆ ಕಾಯಿಸುವುದಿಲ್ಲ."

ಆ ಬಾಣಲೆ ತವರಿನಿಂದ ಬಂದದ್ದು. ಆಕೆಯ ತಾಯಿಯ ಕೈಯಲ್ಲಿ ಪಳಗಿದ್ದು. ಮಾತು ಆಡಿ ಮನೆಗೆ ಬಂದ ಮೇಲೆ ನೋಡಿಕೊಂಡಳು, ಕೊಡ ಬಾವಿಕಟ್ಟೆಯಲ್ಲೇ ಉಳಿದಿತ್ತು.

ಮರುದಿನವೇ ಸಂತೆ. ಗಂಡನನ್ನು ವರ್ತಕನ ಬಳಿಗೆ ಅಟ್ಟಿದಳು. ಇದನ್ನು ಕರಿಯುವುದು ಹೇಗೆ ಎಂದು ಕೇಳಿಕೊಂಡು ಬನ್ನಿ, ಬಾಯಿಪಾಠ ಮಾಡಿಕೊಂಡೇ ಬನ್ನಿ ಎಂದಳು. ಗಂಡ ಹೋದ, ಕೇಳಿದ, ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಿರಬಿರನೆ ನಡೆದು ಬಂದ. ಹೊಸಿಲಲ್ಲೇ ಒಪ್ಪಿಸಿದ.

"ಹೆಚ್ಚಿ, ಉಪ್ಪು ಹಾಕಿಬಿಡಬೇಕಂತೆ. ಆಮೇಲೆ ಹಿಟ್ಟು ಹಚ್ಚಿ ಕರಿಯಬೇಕಂತೆ."

"ಇಷ್ಟೇನಾ?"

"ಇಷ್ಟೇ. ನಾನು ಒಂದಕ್ಷರ ಬಿಟ್ಟಿಲ್ಲ."

ಇಷ್ಟೇ ಆದರೆ ಇದೇನು ಮಹಾ ಎಂದು ಆಕೆ ಸೆರಗು ಸಿಕ್ಕಿಸಿದಳು. ಕಾಯಿ ಹೆಚ್ಚಿದಳು. ಉಪ್ಪು ಹಾಕಿಬಿಟ್ಟಳು. ಕೈ ಒದರುವ ಮೊದಲೇ ಹಿಟ್ಟಿನಲ್ಲಿ ಅದ್ದಿದಳು. ಎಣ್ಣೆಗೆ ಬಿಟ್ಟಳು. ಬಾಣಲೆಯಲ್ಲಿ ಹಿಟ್ಟು ಒಂದು ಕಡೆ ತಾನೇ ಬಜ್ಜಿಯಾಯಿತು. ಕಾಯಿ ಇನ್ನೊಂದು ಕಡೆ ಬೆತ್ತಲೆ ಈಜಿತು.

ಹಿಟ್ಟು ಸಾಲದು ಎಂದುಕೊಂಡಳು. ಮರುದಿನ ಹಿಟ್ಟು ಗಟ್ಟಿ ಮಾಡಿದಳು. ಹೋಳು ಕಂಬಳಿ ಹೊದ್ದುಕೊಂಡಂತಾಯಿತು, ಒಳಗೆ ಮಾತ್ರ ಕೆಸರು. ಅಕ್ಕಿಹಿಟ್ಟು ಸೇರಿಸಿದಳು. ಮೇಲೆ ಚಿರೋಟಿ ರವೆ ಉದುರಿಸಿದಳು. ಉರಿ ಏರಿಸಿದಳು. ಹೊರಗೆ ಕಪ್ಪಾಯಿತು, ಒಳಗಿನ ಒದ್ದೆ ಒದ್ದೆಯಾಗಿಯೇ ಉಳಿಯಿತು. ಎಣ್ಣೆ ಸಿಡಿದು ಮುಂಗೈ ಸುಟ್ಟಿತು. ಊರಿನಲ್ಲಿ ಕಡಲೆಹಿಟ್ಟು ಮುಗಿಯಿತು. ಪಕ್ಕದ ಊರಿನಿಂದ ತರಿಸಿದಳು. ಅಲ್ಲಿಯೂ ಮುಗಿಯಿತು. ಆ ವಾರ ಆ ಸೀಮೆಯಲ್ಲಿ ಯಾರ ಮನೆಯಲ್ಲೂ ಬೋಂಡವಿಲ್ಲ. ಇದಕ್ಕೆ ಸಾಕ್ಷಿ ಕೇಳಬೇಡ. ಸಾಕ್ಷಿಗಳೆಲ್ಲ ಹಸಿದುಕೊಂಡು ಊರು ಬಿಟ್ಟರು.

ಕೆಟ್ಟದ್ದನ್ನೆಲ್ಲ ರೈತ ಕೂತು ತಿಂದ. ತಿಂದು, "ಚೆನ್ನಾಗೇ ಇದೆಯಲ್ಲ" ಎಂದ. ಎಣ್ಣೆ ಸಿಡಿದಾಗಲೂ ಅಳದಿದ್ದ ಆಕೆ ಆ ಮಾತಿಗೆ ಅತ್ತಳು.

ಶನಿವಾರ ಸಂಜೆ ಬಾಣಲೆಯನ್ನು ಬೂದಿ ಹಾಕಿ ಉಜ್ಜಿದಳು. ಕೊಡುವುದಾದರೆ ಬೆಳಗಿಯೇ ಕೊಡಬೇಕು ಎಂದು ಬಾಗಿಲ ಬಳಿ ಬೋರಲು ಹಾಕಿದಳು. ಭಾನುವಾರ ಎದ್ದವಳೇ ವರ್ತಕನ ಊರಿಗೆ ನಡೆದಳು.

ವರ್ತಕ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ.

"ಏನಣ್ಣ, ನನ್ನ ಯಜಮಾನರಿಗೆ ಏನು ಹೇಳಿ ಕಳಿಸಿದಿರಿ?"

"ಬಂದ ಎಲ್ಲರಿಗೂ ಹೇಳುವುದನ್ನೇ ಹೇಳಿದೆನಮ್ಮ. ಹೆಚ್ಚಿ ಉಪ್ಪು ಹಾಕಿ, ಬಿಡು. ಆಮೇಲೆ ಹಿಟ್ಟು."

"ನಾನೂ ಹಾಕಿಬಿಟ್ಟೆನಲ್ಲ. ಐದು ದಿನದಿಂದ ಹಾಕಿಬಿಡುತ್ತಲೇ ಇದ್ದೇನೆ."

ವರ್ತಕ ಆಕೆಯ ಸುಟ್ಟ ಮುಂಗೈ ನೋಡಿದ.

"ಹಾಕಿದಿರಿ ತಾಯಿ. ಬಿಟ್ಟಿರಾ?" ಎಂದ.

ಆಕೆಗೆ ಆಗ ತಿಳಿಯಿತು. ವರ್ತಕ ಹೇಳಿದ್ದು ಎರಡು ಕೆಲಸ. ಗಂಡ ತಂದದ್ದು ಒಂದು. ಉಪ್ಪು ಹಾಕಬೇಕು, ಹಾಕಿ ಅದರ ಪಾಡಿಗೆ ಬಿಡಬೇಕು. ಬಿರಬಿರನೆ ನಡೆದವನ ಬಾಯಲ್ಲಿ ಆ ಎರಡೂ ಕೂಡಿ ಒಂದಾಗಿದ್ದವು.

"ಎಷ್ಟು ಹೊತ್ತು ಬಿಡಬೇಕು?" ಎಂದು ಕೇಳಿದಳು.

"ಅದನ್ನು ನನ್ನ ಕೇಳಿದರೆ? ಕಾಯಿಯನ್ನೇ ನೋಡುತ್ತಿರಿ."

ಸೋಮವಾರ ಸಂಜೆ ಅಂಗಳ ತುಂಬಿತು. ಪಕ್ಕದ ಮನೆಯಾಕೆ ಬಾಣಲೆ ಒಯ್ಯಲು ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡೇ ಬಂದಿದ್ದಳು. ರೈತನ ಹೆಂಡತಿ ಕಾಯಿಯನ್ನು ಬೆರಳಿನ ಹಾಗೆ ಉದ್ದುದ್ದ ಹೆಚ್ಚಿದಳು. ಉಪ್ಪು ಉದುರಿಸಿ ಒಮ್ಮೆ ಕೈಯಾಡಿಸಿದಳು. ತಟ್ಟೆಯನ್ನು ಸ್ವಲ್ಪ ಓರೆಯಾಗಿ ಇಟ್ಟಳು. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅದರ ಮುಂದೆ ಕೂತಳು.

ಊರು ನೋಡಿತು. ಆಕೆ ಕೂತೇ ಇದ್ದಳು. ಒಲೆ ಕೂಡ ಹೊತ್ತಿಸಿಲ್ಲ.

"ಏನಕ್ಕ, ಕಾಯಿ ತಾನೇ ಎದ್ದು ಹೋಗಿ ಬಾಣಲೆಗೆ ಬೀಳುತ್ತದೋ?" ಎಂದಳು ಪಕ್ಕದ ಮನೆಯಾಕೆ. ಹೆಂಗಸರು ನಕ್ಕರು.

"ಅದರದ್ದು ಮುಗಿಯಲಿ. ಆಮೇಲೆ ನನ್ನದು."

ಇಷ್ಟು ವರ್ಷ ಆಕೆ ಕೈಯಿಂದ ಮಾಡಿದ ಯಾವ ಕೆಲಸವೂ ಇಷ್ಟು ಕಷ್ಟವಾಗಿರಲಿಲ್ಲ. ಕೈ ತಾನಾಗಿ ಮೂರು ಸಲ ಹಿಟ್ಟಿನ ಕಡೆ ಹೋಯಿತು. ಮೂರು ಸಲವೂ ಕರೆದು ಕೂರಿಸಿದಳು. ಮೊದಲು ಹೋಳಿನ ಮೈಯಲ್ಲಿ ಬೆವರು ಮೂಡಿತು. ಬೆವರು ಹನಿಯಾಯಿತು. ಹನಿ ಹರಿದು ತಟ್ಟೆಯ ತಗ್ಗಿಗೆ ಇಳಿಯಿತು. ನೋಡನೋಡುತ್ತ ಅಲ್ಲಿ ಒಂದು ಕೆರೆಯಾಯಿತು. ಒಂದು ಕೋಳಿ ಬಂದು ಆ ನೀರು ಕುಡಿದು, ಉಪ್ಪುಪ್ಪೆಂದು ಬೈದು ಹೋಯಿತು. ಒಂದು ಸೇರು ರಾಗಿ ಬೀಸುವಷ್ಟು ಹೊತ್ತು ಕಳೆಯಿತು. ಇನ್ನು ಹನಿ ಬೀಳಲಿಲ್ಲ.

ಆಗ ಎದ್ದಳು. ಒಲೆ ಹೊತ್ತಿಸಿದಳು. ಎಣ್ಣೆ ಕಾಯುವಷ್ಟರಲ್ಲಿ ಹೋಳುಗಳನ್ನು ಹಳೆಯ ಸೀರೆಯ ಬಟ್ಟೆಯಲ್ಲಿ ಮೆಲ್ಲನೆ ಒತ್ತಿ ಒರೆಸಿದಳು. ಕಡಲೆಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು ಕೂಡಿಸಿ ತೆಳ್ಳಗೆ ಕಲಸಿದಳು. ಹಿಂದಿನ ದಿನಗಳಲ್ಲಿ ಬಳಸಿದ್ದರ ಕಾಲುಪಾಲು ಹಿಟ್ಟೂ ಇರಲಿಲ್ಲ. ಅದ್ದಿದರೆ ಹೋಳು ಹಿಟ್ಟನ್ನು ತಾನಾಗಿ ಹಿಡಿದುಕೊಂಡಿತು. ಕಾದ ಎಣ್ಣೆಗೆ ನಾಲ್ಕು ನಾಲ್ಕೇ ಬಿಟ್ಟಳು. ತೆಗೆದು ಮೊರದಲ್ಲಿ ಹರವಿದಳು. ಗುಡ್ಡೆ ಹಾಕಲಿಲ್ಲ, ಮುಚ್ಚಲಿಲ್ಲ.

ಮೊದಲ ಹೋಳನ್ನು ಪಕ್ಕದ ಮನೆಯಾಕೆಗೇ ಕೊಟ್ಟಳು. ಆಕೆ ಕಚ್ಚಿದಳು. ಆ ಸದ್ದಿಗೆ ಮೂರು ಮನೆ ಆಚೆ ಹಾಲು ಕರೆಸಿಕೊಳ್ಳುತ್ತಿದ್ದ ಎಮ್ಮೆ ಕಾಲೆತ್ತಿತು. ಗುಡಿಯ ಪೂಜಾರಿ, ಯಾರಪ್ಪ ತೆಂಗಿನಕಾಯಿ ಒಡೆದವರು ಎಂದು ಹೊರಗೆ ಬಂದು ನೋಡಿದ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಆ ಎಮ್ಮೆಯನ್ನೇ ಕೇಳು.

ಪಕ್ಕದ ಮನೆಯಾಕೆ ಬಹಳ ಹೊತ್ತು ಅಗಿದಳು. ಸಿಂಬಿಯನ್ನು ಬಿಚ್ಚಿ ಕೈ ಒರೆಸಿಕೊಂಡಳು. "ಅಕ್ಕ, ಇನ್ನೊಂದು ಕೊಡಿ" ಎಂದಳು.

ಊರೆಲ್ಲ ತಿಂದು ಹೋದ ಮೇಲೆ ರೈತ ಹೆಂಡತಿಯ ಬಳಿ ಬಂದ. "ನಾನು ಹೇಳಿದ್ದೂ ಇದೇ ತಾನೇ?" ಎಂದ.

"ಇದೇ. ನಡುವೆ ಒಂದು ಉಸಿರು ತೆಗೆದುಕೊಳ್ಳದೆ ಹೇಳಿದಿರಿ" ಎಂದು ಆಕೆ ಮೊರದ ಕೊನೆಯ ಹೋಳನ್ನು ಅವನ ಕೈಗೆ ಕೊಟ್ಟಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ನಾನು ಹಿಟ್ಟು ಗಟ್ಟಿಯಾಗಿ ಕಲಸಿದೆ. ಮಾತು ತೆಳ್ಳಗಿರಬೇಕಿತ್ತು. ಈಗಲೇ ಹೋಗಿ ಅಣ್ಣನಿಗೆ ಅದನ್ನೇ ಚಿಕ್ಕದಾಗಿ, ಮೆತ್ತಗೆ, ಇನ್ನೊಮ್ಮೆ ಹೇಳುತ್ತೇನೆ" ಎಂದು ಎದ್ದು ನಿಂತ.

"ಹೋಗಿ ಬಾ. ಅಂದಹಾಗೆ, ನಿಮ್ಮಣ್ಣ ಮನೆ ಬಿಟ್ಟು ಬಂದದ್ದು ಯಾಕಂತೆ?" ಎಂದರು ಗುರುಗಳು.

"ಅದನ್ನು ನಾನು ಕೇಳಲೇ ಇಲ್ಲವಲ್ಲ" ಎಂದ ಶಿಷ್ಯ. ಅಣ್ಣನ ಬಳಿಗೆ ಹೋಗಿ, ಅದೊಂದನ್ನೇ ಕೇಳಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತ.