ಮಗ್ಗದ ಕುಣಿಯಲ್ಲಿ ಕೂತವನು

ಚೆನ್ನವೀರ ಗುರುಗಳನ್ನು ಕೇಳಿದ: "ವೈದ್ಯರು ಬಂದಾಗಲೆಲ್ಲ ನನ್ನನ್ನೇ ಕೇಳುತ್ತಾರೆ. ನೋವು ಯಾವಾಗ ಬಂತು, ಏನು ತಿಂದೆ, ರಕ್ತ ಹೋಯಿತೇ, ಮದ್ದು ಬಿಟ್ಟೆಯಾ. ಅದನ್ನು ನೆನೆಸಿಕೊಳ್ಳುವುದೇ ನನಗೆ ಬೇಡವಾಗಿದೆ. ನನ್ನ ಬದಲು ನೀವೇ ಮಾತಾಡಿದರೆ ಆಗದೇ?"

ಚೆನ್ನವೀರನ ಕರುಳಿನಲ್ಲಿ ಹುಣ್ಣಿತ್ತು. ಮಠದಲ್ಲಿ ಎಲ್ಲರಿಗೂ ಅದು ಗೊತ್ತು. ಕೆಲವು ಕಾಲ ಸುಮ್ಮನಿರುತ್ತಿತ್ತು, ಮತ್ತೆ ಕೆರಳುತ್ತಿತ್ತು. ಅಂದು ವೈದ್ಯರು ಬರುವ ದಿನ. ಗುರುಗಳು ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೂ ಇದೇ ಬೇನೆ. ನೇಕಾರನಾದವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೇಗ ಏಳುವ ಹಾಗಿಲ್ಲ. ಇವನಿಗೋ, ಲಾಳಿ ನಾಲ್ಕು ಸಲ ಓಡುವಷ್ಟರಲ್ಲಿ ಹೊಟ್ಟೆ ಹಿಂಡುತ್ತಿತ್ತು. ಹಿತ್ತಿಲಿಗೆ ಓಡಬೇಕು, ಬರಬೇಕು, ಮತ್ತೆ ಓಡಬೇಕು. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟ. ಪಂಕ್ತಿಯ ನಡುವೆ ಎದ್ದು ಓಡುವವನನ್ನು ಕಂಡು ನಗುವವರು ಎಲ್ಲ ಊರಲ್ಲೂ ಇರುತ್ತಾರೆ.

ವೈದ್ಯ ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದ. ಈ ಬೇನೆ ಪೂರ್ತಿ ಹೋಗುವಂಥದ್ದಲ್ಲ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ಮದ್ದು ನಾನು ಕೊಡುತ್ತೇನೆ, ಹೊಟ್ಟೆಯ ಸುದ್ದಿ ನೀನೇ ಹೇಳಬೇಕು, ಹಗುರಾಯಿತೆಂದು ಮದ್ದು ಬಿಡಬಾರದು. ನೇಕಾರನಿಗೆ ಈ ಮಾತು ರುಚಿಸಲಿಲ್ಲ. ನೋಯುವವನೂ ನಾನೇ, ಹೇಳುವವನೂ ನಾನೇ ಆದರೆ ವೈದ್ಯನೇಕೆ ಎಂದು ಗೊಣಗಿದ.

ಅವನಿದ್ದ ನೇಕಾರರ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಮಗ್ಗಕ್ಕೆ ನೂಲು ಏರಿಸಿದ ಮೇಲೆ, ಸೀರೆ ಮುಗಿಯುವ ತನಕ ಹಗಲಿನಲ್ಲಿ ಕುಣಿಯನ್ನು ಬಹಳ ಹೊತ್ತು ಖಾಲಿ ಬಿಡಬಾರದು. ಒಬ್ಬರು ಎದ್ದರೆ ಇನ್ನೊಬ್ಬರು ಇಳಿಯಬೇಕು. ಕುಣಿಯಲ್ಲಿ ಯಾರು ಕೂತಿರುತ್ತಾರೋ ಆ ಹೊತ್ತಿಗೆ ಅವರೇ ಮನೆಯ ಯಜಮಾನರು. ಮೊದಲ ಊಟ ಅವರಿಗೆ.

ಒಂದು ಮಧ್ಯಾಹ್ನ ನೇಕಾರ ನೋವು ತಡೆಯಲಾರದೆ ಕುಣಿಯಲ್ಲೇ ಮುದುಡಿಕೊಂಡಿದ್ದಾಗ ಬಾಗಿಲಲ್ಲಿ ಒಬ್ಬ ಬಂದು ನಿಂತ. ಎತ್ತರದಲ್ಲಿ, ಮೈಕಟ್ಟಿನಲ್ಲಿ ನೇಕಾರನಂತೆಯೇ ಇದ್ದ. ನಿನ್ನ ಬೇನೆಯನ್ನು ನಾನು ಹೊರುತ್ತೇನೆ, ನೀನು ಆರಾಮಾಗಿ ಮಲಗು ಎಂದ. ಯಾರು, ಯಾವ ಊರು, ಬದಲಿಗೆ ಏನು ಬೇಕು, ನೇಕಾರ ಒಂದನ್ನೂ ಕೇಳಲಿಲ್ಲ. ನೋವಿನಲ್ಲಿರುವವನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಇವನು ಎದ್ದ, ಅವನು ಇಳಿದ. ಆ ಗಳಿಗೆಗೇ ನೋವು ನಿಂತಿತು.

ನೇಕಾರ ಒಳಕೋಣೆಯಲ್ಲಿ ಮಲಗಿ ಬಾಗಿಲ ಸಂದಿಯಿಂದ ನೋಡಿದ. ಬಂದವನು ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಓಡಿದ, ತಿರುಗಿ ಬಂದು ಕೂತ, ನೇಯ್ದ. ಹೆಂಡತಿ ಮೊದಲ ತಟ್ಟೆಯನ್ನು ಕುಣಿಯ ಬಳಿಗೆ ತಂದಿಟ್ಟಳು. ಅವನ ಮುಖ ನೋಡಿದಳು, ಬೆಚ್ಚಲಿಲ್ಲ. ಇವತ್ತು ಖಾರ ಬೇಡ, ಅನ್ನ ಮೆತ್ತಗೆ ಹಿಸುಕಿ ಕೊಡು ಎಂದು ಅವನು ಕೇಳಿದ. ಅವಳಿಗೆ ಸಂತೋಷವಾಯಿತು. ನೇಕಾರ ಎಂದೂ ಹಾಗೆ ಬಾಯಿಬಿಟ್ಟು ಹೇಳಿದವನಲ್ಲ, ತಟ್ಟೆ ದೂಡಿ ಏಳುತ್ತಿದ್ದ. ಪಾಪ, ಎಂಥ ಕಷ್ಟವನ್ನು ಮೈಮೇಲೆ ಎಳೆದುಕೊಂಡ ಎಂದು ನೇಕಾರ ಒಳಗೇ ನಕ್ಕ.

ದಿನಗಳು ಹೋದವು. ವೈದ್ಯ ಬಂದಾಗ ಕುಣಿಯಲ್ಲಿದ್ದವನು ಎಲ್ಲವನ್ನೂ ಹೇಳಿದ, ನಾಚಿಕೆಪಡುವಂಥದ್ದನ್ನೂ ಹೇಳಿದ. ಬೇನೆ ಕೆರಳಿದ ದಿನ ಹೆಂಡತಿಯನ್ನು ಮಗ್ಗಕ್ಕೆ ಕೂರಿಸಿ, ತಾನು ಪಕ್ಕದಲ್ಲೇ ಮಲಗಿದ. ಹಗುರಾದಾಗ ಅವಳ ತಂಗಿಯ ಮದುವೆಗೂ ಹೋಗಿ ಬಂದ, ಮದ್ದಿನ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಬೇನೆ ಹೋಗಿರಲಿಲ್ಲ. ಆದರೂ ಮನೆಯಲ್ಲಿ ನಗು ಕೇಳಿಸುತ್ತಿತ್ತು.

ನೇಕಾರನಿಗೆ ಹಸಿವಾಗುತ್ತಿರಲಿಲ್ಲ. ಊಟಕ್ಕೆ ಯಾರೂ ಕರೆಯುತ್ತಲೂ ಇರಲಿಲ್ಲ. ಕೊನೆಗೆ ಅವನಿಗೆ ಹೆದರಿಕೆಯಾಯಿತು. ಹೊರಗೆ ಬಂದು, "ಸಾಕು, ಏಳು. ಅದು ನನ್ನ ಜಾಗ" ಎಂದ.

ಕುಣಿಯಲ್ಲಿದ್ದವನು ಲಾಳಿ ಕೆಳಗಿಟ್ಟ. "ಏಳುತ್ತೇನೆ. ಬೇನೆಯನ್ನೂ ತೆಗೆದುಕೊ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ."

ನೇಕಾರನಿಗೆ ಹಳೆಯ ನೋವು ನೆನಪಾಯಿತು. ಇವತ್ತೊಂದು ದಿನ ಹೀಗೇ ಇರಲಿ, ನಾಳೆ ನೋಡೋಣ ಎಂದುಕೊಂಡು ಒಳಗೆ ಹೋಗಿ ಮಲಗಿದ.

ಮರುದಿನ ಹೆಂಡತಿ ಒಳಕೋಣೆಯ ಬಾಗಿಲು ತೆರೆದಳು. ನೇಕಾರ ಅವಳ ಹೆಸರು ಹಿಡಿದು ಕೂಗಿದ. ಅವಳು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಇದು ಸುಮ್ಮನೆ ಖಾಲಿ ಬಿದ್ದಿದೆ, ನೂಲು ಇಲ್ಲೇ ಇಡೋಣ ಎಂದು ಹೊರಗಿದ್ದವನಿಗೆ ಹೇಳಿದಳು. ನೂಲಿನ ಹೊರೆಯನ್ನು ತಂದು ನೇಕಾರನ ಎದೆಯ ಮೇಲೆ ಇಳಿಸಿದಳು. ಹೊರೆ ಚಾಪೆಗೆ ತಾಗಿ ಕೂತಿತು. ಅವನಿಗೆ ಒಂದಿಷ್ಟೂ ನೋವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ವೈದ್ಯರು ಚಪ್ಪಲಿ ಬಿಡುವ ಸದ್ದಾಯಿತು. ಚೆನ್ನವೀರ ಗುರುಗಳ ಮುಖ ನೋಡಿದ. ಗುರುಗಳು ಮೆಲ್ಲಗೆ ಎದ್ದು ನಿಂತರು.

"ಆಗಲಿ ಚೆನ್ನವೀರ, ನಿನ್ನ ಬದಲು ನಾನೇ ಮಾತಾಡುತ್ತೇನೆ, ನೀನು ಒಳಗೆ ಹೋಗು."