ಕಿವಿ ಕೇಳದ ತಾಯಿಯ ದನಿ

"ಗುರುಗಳೇ, ತನಗೇ ಕೇಳಿಸದ್ದನ್ನು ಒಬ್ಬನು ಇನ್ನೊಬ್ಬರಿಗೆ ಕೇಳಿಸಬಹುದೇ?"

ಹೀಗೆ ಕೇಳಿದವನು ನಿರುಪಾದಿ. ಸಂಜೆ ಮಠಕ್ಕೆ ಬಂದವರ ಮುಂದೆ ಪದ ಹಾಡುವ ಕೆಲಸ ಅವನದು. ಅವನ ಕಂಠ ಚೆನ್ನಾಗಿತ್ತು. ಜನ ಕೂತು ಕೇಳುತ್ತಿದ್ದರು.

"ಬಿಡಿಸಿ ಹೇಳು" ಎಂದರು ಗುರುಗಳು.

"ನನ್ನ ಬಾಯಿ ಹಾಡುತ್ತದೆ, ಒಳಗೆ ಏನೂ ಆಗುವುದಿಲ್ಲ. ಪದದೊಳಗೆ ಏನೋ ಇದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಒಂದು ದಿನವೂ ಕೇಳಿಸಿಲ್ಲ. ಎದುರಿಗೆ ಕೂತವರಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಈ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ."

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬಿದಿರಿನ ಬುಟ್ಟಿ ಹೆಣೆಯುವವನೊಬ್ಬನಿದ್ದ. ಅವನ ಹೆಂಡತಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕಿವಿ ಕೇಳದ್ದರಿಂದ ಮಾತೂ ಬಂದಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಗಂಟಲಿನಿಂದ ದನಿ ಮಾಡುತ್ತಿದ್ದಳು. ಓಣಿಯ ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದರು. ಮಗಳು ನಗೆಪಾಟಲಾಗುವುದನ್ನು ನೋಡಲಾರದೆ ತಾಯಿ ಅವಳ ಬಾಯಿಯ ಮೇಲೆ ಕೈ ಇಡುತ್ತಿದ್ದಳು. ಹಲವು ಸಲ ಹೀಗಾದ ಮೇಲೆ ಹುಡುಗಿಗೆ ಅರ್ಥವಾಯಿತು. ತನ್ನ ಬಾಯಿಂದ ಹೊರಡುವುದು ಯಾವುದೋ ನಾಚಿಕೆಯ ವಸ್ತು ಎಂದುಕೊಂಡಳು. ಅಂದಿನಿಂದ ಬಾಯಿ ಮುಚ್ಚಿದಳು. ಮದುವೆಯಾದರೂ ತೆರೆಯಲಿಲ್ಲ. ಹೆರಿಗೆಯ ನೋವಿನಲ್ಲೂ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಹುಟ್ಟಿದ್ದು ಹೆಣ್ಣು ಮಗು. ಮೈಕೈ ತುಂಬಿಕೊಂಡು ಚೆನ್ನಾಗಿತ್ತು. ಎಣ್ಣೆ ನೀರು ಹಾಕುವುದು, ಹಾಲು ಕೊಡುವುದು, ಬಟ್ಟೆ ಬದಲಿಸುವುದು, ಯಾವುದರಲ್ಲೂ ತಾಯಿ ಕಡಿಮೆ ಮಾಡಲಿಲ್ಲ. ಮಗು ಅಳುವುದು ಅವಳಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆಂದೇ ಅದನ್ನು ಸದಾ ಮೈಗೆ ತಾಗಿಸಿಕೊಂಡೇ ಇರುತ್ತಿದ್ದಳು. ಅದರ ಎದೆ ನಡುಗಿದರೆ ಎದ್ದು ಕೂರುತ್ತಿದ್ದಳು.

ಮನೆಯಲ್ಲಿ ಅವಳ ಅತ್ತೆ ಇದ್ದಳು. ಸೊಸೆಯನ್ನು ಎಂದೂ ನೋಯಿಸಿದವಳಲ್ಲ. ಆದರೆ ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅವಳ ಮನಸ್ಸಿನಲ್ಲಿ ಒಂದು ಭಯ ಕೂತಿತು. ಒಂದು ದಿನ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ ಮಗನ ಹತ್ತಿರ ಬಂದು ಅದನ್ನು ಹೇಳಿದಳು.

"ನಾನು ಮಾತಾಡಿಸಿದರೆ ಮಗು ಕೈಕಾಲು ಆಡಿಸುತ್ತದೆ. ನೀನು ಮಾತಾಡಿಸಿದರೂ ಆಡಿಸುತ್ತದೆ. ಅವಳ ಮಡಿಲಿಗೆ ಹೋದರೆ ಕೊರಡಿನ ಹಾಗೆ ಬಿದ್ದಿರುತ್ತದೆ. ದಿನವೆಲ್ಲ ಹಾಗೆ ಬಿದ್ದಿದ್ದರೆ ಅದು ಮಗುಚುವುದು ಯಾವಾಗ, ಅಂಬೆಗಾಲಿಡುವುದು ಯಾವಾಗ? ನಿನ್ನ ಅಕ್ಕನಿಗೂ ಎಳೆ ಮಗುವಿದೆ, ಎದೆಯಲ್ಲಿ ಹಾಲಿದೆ, ಬಾಯಲ್ಲಿ ಮಾತಿದೆ. ಒಂದೆರಡು ವರ್ಷ ಅವಳ ಹತ್ತಿರ ಬೆಳೆಯಲಿ."

ಮಗ ಕತ್ತಿಯನ್ನು ಕೆಳಗಿಟ್ಟ. "ಇವಳಿಗೆ ಏನೆಂದು ತಿಳಿಸಲಿ, ಅವ್ವ?"

"ತಿಳಿಸುವುದೇನಿದೆ? ನನಗೆ ಕಂಡದ್ದು ಅವಳಿಗೆ ಕಂಡಿಲ್ಲವೇ?"

ಅತ್ತೆ ಹೇಳಿದ್ದು ನಿಜ. ತಾಯಿಗೆ ಎಲ್ಲವೂ ಕಂಡಿತ್ತು, ಅತ್ತೆಗಿಂತ ಹೆಚ್ಚಾಗಿಯೇ ಕಂಡಿತ್ತು. ಒಂದು ದಿನ ಅವಳ ಬೆನ್ನ ಹಿಂದೆ ತಾಮ್ರದ ಕೊಡ ಉರುಳಿ ಬಿತ್ತು. ಅವಳಿಗೆ ತಿಳಿಯಲಿಲ್ಲ. ಮಡಿಲಲ್ಲಿದ್ದ ಮಗು ಎರಡು ಕೈಯನ್ನೂ ಅಗಲಿಸಿ ಬೆಚ್ಚಿತು. ಆಗ ಅವಳು ಹಿಂದಿರುಗಿ ನೋಡಿದಳು. ಮತ್ತೊಂದು ದಿನ ಹಾಲು ಕುಡಿಯುತ್ತಿದ್ದ ಮಗು ಸಟ್ಟನೆ ನಿಲ್ಲಿಸಿ ಕಾಲು ಬಡಿಯತೊಡಗಿತು. ಅವಳು ತಲೆ ಎತ್ತಿದಳು. ಗಂಡ ಹೊಸ್ತಿಲ ಹತ್ತಿರ ನಿಂತು ಬಾಯಿ ಆಡಿಸುತ್ತಿದ್ದ. ಮನುಷ್ಯರ ಬಾಯಿಂದ ಏನೋ ಹೊರಡುತ್ತದೆ, ಅದು ಮಗುವಿನ ಕಾಲನ್ನು ಮುಟ್ಟುತ್ತದೆ ಎಂದು ಅವಳು ಕಂಡುಕೊಂಡಳು.

ಅವಳೂ ತುಟಿ ಆಡಿಸಿ ನೋಡಿದಳು. ಅತ್ತೆ ಬಗ್ಗುವಂತೆಯೇ ಬಗ್ಗಿ, ಅತ್ತೆ ನಗುವಂತೆಯೇ ನಕ್ಕು, ತುಟಿಗಳನ್ನು ಅಗಲಿಸಿ ಕೂಡಿಸಿದಳು. ಮಗು ಅವಳ ಮುಖವನ್ನೇ ನೋಡಿತು. ಕಾಲು ಕದಲಲಿಲ್ಲ.

ಕೆಲವು ದಿನಗಳಲ್ಲಿ ಅತ್ತೆ ಮಗುವಿನ ಬಟ್ಟೆಗಳನ್ನು ಒಗೆದು ಒಣಗಿಸಿ ಒಂದು ಗಂಟು ಕಟ್ಟಿದಳು. ಗಂಡ ಹೆಂಡತಿಯ ಮುಖ ನೋಡುವುದನ್ನು ಬಿಟ್ಟ. ಯಾರೂ ಹೇಳದೆಯೇ ಅವಳಿಗೆ ತಿಳಿಯಿತು.

ಮರುದಿನ ಅತ್ತೆ ನೀರಿಗೆ ಹೋಗಿದ್ದಳು. ಗಂಡ ಬಿದಿರು ತರಲು ಹೋಗಿದ್ದ. ಅವಳು ಬಾಗಿಲು ಹಾಕಿ, ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡಳು. ಒಂದು ಕೈಯನ್ನು ತನ್ನ ಗಂಟಲ ಮೇಲಿಟ್ಟಳು. ಅಷ್ಟು ವರ್ಷ ಮುಚ್ಚಿದ ಬಾಯಿ ಅದು. ಮೊದಲು ಬರೀ ಉಸಿರು ಬಂತು. ಆಮೇಲೆ ಕೈಯ ಕೆಳಗೆ ಗಂಟಲು ನಡುಗಿತು.

ಮಗು ಪೂರಾ ಸ್ತಬ್ಧವಾಯಿತು. ಕಣ್ಣು ಅಗಲವಾದವು. ಹೆದರಿಸಿದೆನೇನೋ ಎಂದು ಅವಳು ನಿಲ್ಲಿಸಿದಳು. ಆಗ ಮಗುವಿನ ಒಂದು ಪಾದ ಅಲುಗಿತು. ಅವಳು ಮತ್ತೆ ದನಿ ಮಾಡಿದಳು. ಎರಡು ಕಾಲೂ ಒದ್ದವು. ಅವಳ ಕಣ್ಣಲ್ಲಿ ನೀರು ಬಂತು.

ಆನಂದದಲ್ಲಿ ದನಿ ಜೋರಾಯಿತೇನೋ, ಮಗುವಿನ ಕೈಗಳು ಬೆಚ್ಚಿ ಮೇಲೆದ್ದವು, ತುಟಿ ಸೊಟ್ಟಗಾಯಿತು. ಅವಳು ತಗ್ಗಿಸಿದಳು. ತೀರ ತಗ್ಗಿದಾಗ ಕಾಲು ನಿಂತಿತು. ಸ್ವಲ್ಪ ಏರಿಸಿದಳು. ಕಾಲು ಮತ್ತೆ ಆಡಿತು. ಅಂದಿನಿಂದ ಯಾರೂ ಇಲ್ಲದ ಹೊತ್ತಿನಲ್ಲಿ ಅವಳು ಹೀಗೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಎಷ್ಟು ಸಾಕು, ಎಷ್ಟು ಹೆಚ್ಚು ಎಂಬುದನ್ನು ಮಗುವೇ ಅವಳಿಗೆ ಕಲಿಸಿತು.

ಮಗುವನ್ನು ಕರೆದೊಯ್ಯಲು ಗಂಡನ ಅಕ್ಕ ಗಾಡಿ ಕಟ್ಟಿಸಿಕೊಂಡು ಬಂದ ದಿನ ಅತ್ತೆ ಅವಳನ್ನು ಎದುರುಗೊಳ್ಳಲು ಓಣಿಯ ತುದಿಗೆ ಹೋಗಿದ್ದಳು. ಇಬ್ಬರೂ ಮನೆಯ ಹತ್ತಿರ ಬರುವಾಗ ಒಳಗಿನಿಂದ ಒಂದು ದನಿ ಕೇಳಿತು. ಅದು ಹಾಡಲ್ಲ, ಅಳುವೂ ಅಲ್ಲ. ಒರಟಾಗಿತ್ತು. ಮಗುವಿಗೆ ಏನೋ ಆಯಿತೆಂದು ಅತ್ತೆ ಓಡಿ ಬಾಗಿಲು ನೂಕಿದಳು.

ಮಗು ತಾಯಿಯ ಕಾಲಿನ ಮೇಲೆ ಮಲಗಿ ಎರಡು ಕಾಲನ್ನೂ ಎತ್ತೆತ್ತಿ ಒದೆಯುತ್ತಿತ್ತು. ಕೈಗಳು ತಾಯಿಯ ಮುಖದ ಕಡೆ ಚಾಚಿದ್ದವು. ತಾಯಿ ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ ಮಗುವೂ ನಿಲ್ಲಿಸಿ ಕಾಯುತ್ತಿತ್ತು. ದನಿ ಬಂದೊಡನೆ ಮತ್ತೆ ಒದೆಯುತ್ತಿತ್ತು.

ಬಾಗಿಲ ಬೆಳಕು ಒಳಗೆ ಬಿದ್ದಾಗ ತಾಯಿ ತಲೆ ಎತ್ತಿದಳು. ಇಬ್ಬರು ನಿಂತಿರುವುದನ್ನು ಕಂಡು ಅಂಗೈಯಿಂದ ತಾನೇ ತನ್ನ ಬಾಯಿ ಮುಚ್ಚಿಕೊಂಡಳು. ಮಗುವಿನ ಕಾಲು ನಿಂತವು.

ಅತ್ತೆ ಬಂದು ಸೊಸೆಯ ಎದುರಿಗೆ ಕೂತಳು. ಆ ಕೈಯನ್ನು ಮೆಲ್ಲಗೆ ಬಾಯಿಂದ ತೆಗೆದು ಮಗುವಿನ ಎದೆಯ ಮೇಲಿಟ್ಟಳು. ಕಾದು ಕೂತಳು. ಸೊಸೆ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಂದೆಯೇ ದನಿ ತೆಗೆದಳು.

ಗಂಡನ ಅಕ್ಕ ಒಳಗೆ ಬರಲಿಲ್ಲ. "ನನ್ನ ಮಗು ಹಸಿದಿರುತ್ತದೆ, ಹೊರಡುತ್ತೇನೆ" ಎಂದಳು. ಮಗುವಿಗೆಂದು ತಂದಿದ್ದ ಕುಲಾವಿಯನ್ನು ಹೊಸ್ತಿಲ ಮೇಲಿಟ್ಟು ಬರಿ ಗಾಡಿಯಲ್ಲಿ ಹಿಂದಿರುಗಿದಳು.

ಮಗು ತಾಯಿಯ ಹತ್ತಿರವೇ ಬೆಳೆಯಿತು. ಮಗುಚಿತು, ಅಂಬೆಗಾಲಿಟ್ಟಿತು. ಮಾತನ್ನು ಅಜ್ಜಿಯಿಂದ ಕಲಿಯಿತು. ದಾರಿಯಲ್ಲಿ ಹೋಗುವವರು ಆ ದನಿ ಕೇಳಿ ಮುಖ ಸಿಂಡರಿಸುವುದು ತಪ್ಪಲಿಲ್ಲ. ಆದರೆ ಆ ಮನೆಯ ಬಾಗಿಲು ಮತ್ತೆ ಮುಚ್ಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ನಿರುಪಾದಿ ಕೇಳಿದ: "ಆ ತಾಯಿಗೆ ತನ್ನ ದನಿ ಕೊನೆಯವರೆಗೂ ಕೇಳಿಸಲೇ ಇಲ್ಲವೇ, ಗುರುಗಳೇ?"

"ಇಲ್ಲ. ಅವಳು ಮಗುವನ್ನು ನೋಡುತ್ತಿದ್ದಳು. ನೀನು ಹಾಡುವಾಗ ಯಾರನ್ನು ನೋಡುತ್ತೀಯೆ?"