ಪಾಠಶಾಲೆಗೆ ಹೋದ ಅರಮನೆಯ ಅತ್ತೆಯರು

ವಿದ್ಯೆಗೆ ಬೆಲೆ ಕಟ್ಟೋಕಾಗಲ್ಲ ಅಂತಾರೆ. ಹುರುಳಿಕೋಟೆಯ ಲಂಬೋದರ ಶಾಸ್ತ್ರಿಗಳು ಕಟ್ಟಿದ್ದರು ನೋಡಿ: ವರ್ಷಕ್ಕೊಂದು ಕುಂಬಳಕಾಯಿ. ಕಾಯಿ ತಂದವನಿಗೆ ಪಾಠ, ತರದವನಿಗೆ ಮುಚ್ಚಿದ ಬಾಗಿಲು.

ಆ ಊರಿನ ದೊರೆ ತಿಮ್ಮನಾಯಕನದು ಬೆಣ್ಣೆಯಂಥ ಮನಸ್ಸು. ಓದುವ ಮಕ್ಕಳಿಗೆ ಆಸರೆಯಾಗಲಿ ಅಂತ ಒಬ್ಬೊಬ್ಬನಿಗೂ ಒಂದೊಂದು ಆಡು ಕೊಡಿಸಿದ.

ಮಾರನೆಯ ದಿನವೇ ಶಾಸ್ತ್ರಿಗಳು ಬಾಗಿಲಲ್ಲಿ ನಿಂತು ಸಾರಿದರು: "ಇನ್ನು ಮೇಲೆ ದಕ್ಷಿಣೆ ಒಂದು ಕುಂಬಳಕಾಯಿ, ಒಂದು ಆಡು!"

ದೊರೆ ಅಯ್ಯೋ ಪಾಪ ಅಂದುಕೊಂಡು ಮುಂದಿನ ವರ್ಷ ಒಂದೊಂದು ಹಸು ಕೊಟ್ಟ. ದಕ್ಷಿಣೆಗೆ ಹಸುವೂ ಸೇರಿತು. ಬರಬರುತ್ತಾ ಹಸುಗಳು ಶಾಲೆಯೊಳಗೆ ನೆರಳಲ್ಲಿ ಮಲಗಿ ಮೆಲುಕು ಹಾಕೋವು, ಹುಡುಗರು ಬಿಸಿಲಲ್ಲಿ ನಿಂತು ಕಿಟಕಿಯಿಂದ ಪಾಠ ಕೇಳೋರು. ಮಗ್ಗಿ ಕೇಳಿದರೆ ಮೊದಲು ಬಾಯಿಬಿಡುತ್ತಿದ್ದದ್ದೂ ಹಸುವೇ.

ಹೀಗಿರುವಾಗ ಬುಟ್ಟಿ ಹೆಣೆಯೋ ಹೊನ್ನಮ್ಮ ತಲೆ ಮೇಲೆ ಕುಂಬಳಕಾಯಿ ಹೊತ್ತು, ಮಗ ಕೆಂಚನ ಕೈ ಹಿಡಿದು ಶಾಲೆಗೆ ಬಂದಳು. ಅವಳಿಗೆ ಇದ್ದದ್ದು ಒಂದೇ ಆಸೆ, ಮಗ ನಾಲ್ಕಕ್ಷರ ಕಲೀಲಿ ಅಂತ.

ಶಾಸ್ತ್ರಿಗಳು ಕಾಯಿ ಒಳಗಿಟ್ಟುಕೊಂಡು ಕೇಳಿದರು, "ಆಡೆಲ್ಲಮ್ಮ? ಹಸುವೆಲ್ಲಿ?"

"ಅದು ಮೊದಲೇ ಸೇರಿದ್ದ ಮಕ್ಕಳಿಗೆ ದೊರೆ ಕೊಟ್ಟದ್ದು ಸಾಮಿ. ನನ್ನ ಮಗ ಇವತ್ತು ಬಂದವನು. ನಮಗೆಲ್ಲಿಂದ ಬರಬೇಕು?"

"ದಕ್ಷಿಣೆ ಅಂದರೆ ಎಲ್ಲರಿಗೂ ಒಂದೇ. ಹುಣ್ಣಿಮೆಯೊಳಗೆ ತಂದರೆ ಸರಿ, ಇಲ್ಲದಿದ್ದರೆ ಅವನೂ ಬುಟ್ಟಿ ಹೆಣೀಲಿ."

"ಹಂಗಾದ್ರೆ ಕಾಯಿನಾದ್ರೂ ವಾಪಸು ಕೊಡಿ ಸಾಮಿ. ಸಾರಿಗಾದ್ರೂ ಆಗುತ್ತೆ."

"ಒಳಗೆ ಬಂದ ದಕ್ಷಿಣೆ ಹೊರಗೆ ಹೋಗೋ ಪದ್ಧತಿ ಈ ಶಾಲೆಯಲ್ಲಿಲ್ಲ!"

ಹೊನ್ನಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ನೆಟ್ಟಗೆ ಅರಮನೆಗೆ ಹೋದಳು. ಅವಳು ಹೇಳಿದ್ದನ್ನೆಲ್ಲ ಕೇಳಿ ದೊರೆಯ ಕಣ್ಣಲ್ಲೂ ನೀರು. "ಅಳಬೇಡ ತಾಯಿ! ಈ ಸಲ ಎಲ್ಲ ಹುಡುಗರಿಗೂ ಒಂದೊಂದು ಆನೆ ಕೊಟ್ಟುಬಿಡ್ತೀನಿ!"

ಆಸ್ಥಾನದಲ್ಲಿ ಸಂಕಣ್ಣ ಅಂತ ಒಬ್ಬನಿದ್ದ. ಮೈ ಕಡ್ಡಿ, ಬುದ್ಧಿ ಕತ್ತರಿ. ಅವನು ತಲೆ ಕೊಡವಿದ. "ಬುದ್ಧೀ, ನೀವು ಕೆರೆ ತುಂಬಿಸಿದಷ್ಟೂ ಶಾಸ್ತ್ರಿಗಳು ತೂಬು ಅಗಲ ಮಾಡ್ತಾರೆ. ಈ ಸಲದ ದಾನ ನನಗೆ ಬಿಡಿ."

ಶಾಸ್ತ್ರಿಗಳನ್ನು ಸಭೆಗೆ ಕರೆಸಿದರು. ಸಂಕಣ್ಣ ಕೈಮುಗಿದು ಕೇಳಿದ, "ಗುರುಗಳೇ, ದೊರೆಗಳು ಈ ಸಲ ಹುಡುಗರಿಗೆ ಹಸುವಿಗಿಂತ ಘನವಾದದ್ದು ಕೊಡ್ತಾರೆ. ಅದೂ ನಿಮ್ಮ ದಕ್ಷಿಣೆಗೆ ಸೇರುತ್ತೋ?"

"ಸೇರದೆ ಏನು? ದೊರೆ ಕೊಟ್ಟದ್ದೆಲ್ಲ ವಿದ್ಯೆಯ ಪಾದಕ್ಕೇ! ಏನು ಎತ್ತ ಅಂತ ನಾನು ಕೇಳೋದೇ ಇಲ್ಲ!" ಅಂದರು ಶಾಸ್ತ್ರಿಗಳು. ಆನೆಗೆ ಕಟ್ಟೋ ಗಂಟೆ ಆಗಲೇ ಅವರ ಕಿವಿಯಲ್ಲಿ ಆಡುತ್ತಿತ್ತು.

"ಹಾಗಾದರೆ ಹುಡುಗನಿಗೊಬ್ಬರಂತೆ ಅತ್ತೆ!" ಅಂದ ಸಂಕಣ್ಣ.

ದೊರೆಯ ತಾತನಿಗೆ ರಾಣಿಯರು ಬಹಳ. ಹಾಗಾಗಿ ದೊರೆಗೆ ಸೋದರತ್ತೆಯರು ಒಂದು ಓಣಿ ತುಂಬುವಷ್ಟು. ಅನ್ನದ ಹದದಿಂದ ಹಿಡಿದು ದೊರೆಯ ಮೀಸೆಯವರೆಗೆ ಅವರು ತಪ್ಪು ಹುಡುಕದ ವಸ್ತು ಅರಮನೆಯಲ್ಲಿರಲಿಲ್ಲ. ಸಂಕಣ್ಣ ಮೊದಲೇ ಹೋಗಿ ಹಿರಿಯತ್ತೆ ಪುಟ್ಟಾಜಮ್ಮಣ್ಣಿಯವರಿಗೆ ವಿಷಯ ತಿಳಿಸಿದ್ದ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟಿದ್ದರು. "ಇಲ್ಲಿ ಬೈಯೋಕೆ ಹೊಸದೇನೂ ಉಳಿದಿಲ್ಲ ಕಣಪ್ಪ. ನಡಿ, ಹೋಗೋಣ!"

ಹುಡುಗರು ಒಬ್ಬೊಬ್ಬ ಅತ್ತೆಯ ಕೈಹಿಡಿದು ತಂದು ಶಾಲೆಗೆ ಒಪ್ಪಿಸಿದರು.

"ಶಾಸ್ತ್ರೀ, ಈ ಕೋಣೆ ಗುಡಿಸಿದ್ದು ನಿನ್ನ ಮದುವೆಗೋ, ನಿಮ್ಮಪ್ಪನ ಮದುವೆಗೋ?"

"ಶಾಸ್ತ್ರೀ, ಏಳೇಳ್ಲಿ ನಲವತ್ತೊಂಬತ್ತು ಅನ್ನೋಕೆ ಇಷ್ಟು ಕಿರುಚಬೇಕಾ? ಇಲ್ಲಿ ಮಲಗಿರೋದು ಕಾಣಲ್ವಾ?"

"ಏನಯ್ಯಾ, ಮಕ್ಕಳಿಗೆ ನೀರುಮಜ್ಜಿಗೆ, ನಿನಗೆ ಕೆನೆಮೊಸರು? ಆ ಹೊಟ್ಟೆ ನೋಡ್ಕೋ! ಇವತ್ತಿಂದ ನಿನಗೆ ಗಂಜಿ."

ಹಸುಗಳನ್ನು ಹೊರಗಟ್ಟಿದರು, ಹುಡುಗರನ್ನು ಒಳಗೆ ಕೂರಿಸಿದರು. ಶಾಸ್ತ್ರಿಗಳಿಗೇ ಕೂರೋಕೆ ಜಾಗವಿಲ್ಲ. ಕಿಟಕಿಯಾಚೆ ನಿಂತು ಅವರು ಪಾಠ ಹೇಳುತ್ತಿದ್ದರೆ, ಒಳಗಿಂದ ಅತ್ತೆಯರು ತಿದ್ದೋರು.

ಹುಣ್ಣಿಮೆಗೆ ಮೊದಲೇ ಶಾಸ್ತ್ರಿಗಳು ಸಭೆಗೆ ಓಡಿ ಬಂದರು. ಪಂಚೆ ಎರಡು ಸುತ್ತು ಸಡಿಲವಾಗಿತ್ತು. "ಮಹಾಪ್ರಭು, ಅತ್ತೆಯರನ್ನು ವಾಪಸು ಕರೆಸಿಕೊಳ್ಳಿ!"

ಸಂಕಣ್ಣ ಕೆನ್ನೆ ಕೆನ್ನೆ ಬಡಿದುಕೊಂಡ. "ಶಾಂತಂ ಪಾಪಂ! ಒಳಗೆ ಬಂದ ದಕ್ಷಿಣೆ ಹೊರಗೆ ಹೋಗೋ ಪದ್ಧತಿ ನಿಮ್ಮಲ್ಲಿಲ್ಲವಲ್ಲ ಗುರುಗಳೇ! ಅಲ್ಲದೆ ಹೊನ್ನಮ್ಮನ ಮಗನ ಬಾಕಿ ಬೇರೆ ಇದೆ. ಅತ್ತೆಯರು ಮುಗಿದುಹೋದರು. ಅದಕ್ಕೇ ಅವನ ಕೈಲಿ ದೊರೆಗಳ ಅಜ್ಜಿಯನ್ನೇ ಕಳಿಸ್ತಾ ಇದ್ದೀವಿ. ಪಲ್ಲಕ್ಕಿ ಸಿದ್ಧವಾಗಿದೆ."

ಶಾಸ್ತ್ರಿಗಳು ದಡಕ್ಕನೆ ಅಡ್ಡಬಿದ್ದರು. "ಬೇಡಪ್ಪಾ ಬೇಡ! ಕೆಂಚ ನಾಳೆಯೇ ಬಂದು ಕೂತುಕೊಳ್ಳಲಿ. ಅವನ ಕುಂಬಳಕಾಯಿ ಬಂದಾಗಿದೆ, ಅಷ್ಟೇ ದಕ್ಷಿಣೆ. ಎಲ್ಲರಿಗೂ ಅಷ್ಟೇ! ಆಡು, ಹಸು, ಅತ್ತೆ ಎಲ್ಲ ಅವರವರ ಮನೆಗೆ ಹೋಗಲಿ!"

ಮಾರನೆಯ ದಿನ ಕೆಂಚ ಮುಂದಿನ ಸಾಲಲ್ಲಿ ಕೂತ. ಹೊನ್ನಮ್ಮ ಕಿಟಕಿಯಿಂದ ಒಂದು ಸಲ ಇಣುಕಿ ನೋಡಿ ಬುಟ್ಟಿ ಮಾರೋಕೆ ಹೋದಳು. ಪುಟ್ಟಾಜಮ್ಮಣ್ಣಿಯವರು ಮಾತ್ರ ಗೊಣಗುತ್ತಾ ಅರಮನೆಗೆ ಮರಳಿದರು, "ಈಗ ತಾನೇ ಅಲ್ಲಿ ಮನಸ್ಸು ಹೊಂದಿಕೊಳ್ತಾ ಇತ್ತು."

ದೊರೆಗೆ ಒಂದು ಕೊರಗು ಉಳಿಯಿತು. "ಸಂಕಣ್ಣ, ಹಾಗಾದರೆ ನಾನಿನ್ನು ಮಕ್ಕಳಿಗೆ ಏನೂ ಕೊಡಲೇಬಾರದೇನೋ?"

"ಧಾರಾಳವಾಗಿ ಕೊಡಿ ಬುದ್ಧೀ. ಬೆಳಿಗ್ಗೆ ಅರಮನೆಗೆ ಕರೆದು ಹೊಟ್ಟೆ ತುಂಬ ರೊಟ್ಟಿ ಬೆಣ್ಣೆ ಹಾಕಿ. ಹೊಟ್ಟೆಗೆ ಹೋದದ್ದನ್ನ ಬಾಗಿಲಲ್ಲಿ ಕಿತ್ತುಕೊಳ್ಳೋ ಶಾಸ್ತ್ರ ಇನ್ನೂ ಯಾರೂ ಕಲಿತಿಲ್ಲ."

ದೊರೆ ಬಿದ್ದು ಬಿದ್ದು ನಕ್ಕ. ನಕ್ಕು ಕೊರಳಿನ ಮುತ್ತಿನ ಹಾರ ತೆಗೆದು ಚಾಚಿದ. "ತಗೋ, ಇದು ನಿನಗೆ!"

ಸಂಕಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಬೇಡಿ ಬುದ್ಧೀ, ನನಗೂ ರೊಟ್ಟಿನೇ ಹಾಕಿಸಿ. ಕೊರಳಲ್ಲಿ ಹಾರ ಕಂಡರೆ ನಮ್ಮ ಮನೆ ಒಡೆಯ ನಾಳೆಯೇ ಬಾಡಿಗೆಗೊಂದು ಹಾರ ಸೇರಿಸ್ತಾನೆ!"